ಎರಿ ಹೊಲಕ್ಕೆ ಎಷ್ಟು ಎಚ್.ಪಿ.?

ಗುಡಗೇರಿ ಸುತ್ತಿನಲ್ಲಿ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು, ‘ಎಷ್ಟು ಎಚ್.ಪಿ.ದು ತಗೋಬೇಕ್ರಿ?’ ಆಮೇಲೆ ದನಿ ತಗ್ಗಿಸಿ ಕೇಳುವುದು, ‘ಬಾಜೂ ಹೊಲದವರು 45ರದು ತಂದಾರ. ನಾವು 24ರದು ತಂದ್ರ ಮಂದಿ ಏನಂತಾರ?’ ಎರಡನೆಯದು ಮರ್ಯಾದೆಯ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ. ಆದರೆ ಆ ಉತ್ತರ ಹೊಲದಿಂದ ಹುಟ್ಟಬೇಕು, ಶೋರೂಮಿನಿಂದಲ್ಲ. ನವಲಗುಂದದ ಬಯಲಲ್ಲಿ ಸರಿಯಾದ ಟ್ರ್ಯಾಕ್ಟರ್ ಕಲಘಟಗಿಯ ಭತ್ತದ ಗದ್ದೆಗೆ ಹೊಂದುವುದಿಲ್ಲ. ಕುಂದಗೋಳ ತಾಲೂಕಿನ ನಮ್ಮ ಹೊಲಗಳದ್ದು ಇವೆರಡರ ನಡುವಿನ ಜಾಡು. ಒಂದೇ ಮನೆತನದ ಆಸ್ತಿಯಲ್ಲಿ ಒಂದಿಷ್ಟು ಎರಿ ಅಂದರೆ ಕಪ್ಪು ಮಣ್ಣು, ಒಂದಿಷ್ಟು ಮಸಾರಿ ಅಂದರೆ ಕೆಂಪು ಮಣ್ಣು. ಒಂದು ಪಟ್ಟಿಯಲ್ಲಿ ಹತ್ತಿ, ಇನ್ನೊಂದರಲ್ಲಿ ಸೋಯಾ ಅಥವಾ ಶೇಂಗಾ, ಬದುವಿನಾಚೆ ಮೆಣಸಿನಕಾಯಿ. ಇಂಥ ಹೊಲದಲ್ಲಿ ದುಡಿಯುತ್ತ, ದುಡಿಯುವವರನ್ನು ನೋಡುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಎಂದೋ ಒಮ್ಮೆಯ ಭಾರಿ ಕೆಲಸಕ್ಕೆ ಟ್ರ್ಯಾಕ್ಟರ್ ಕೊಳ್ಳಬೇಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮಲ್ಲಿ ಅತಿ ಹೆಚ್ಚು ಶಕ್ತಿ ಬೇಡುವ ಕೆಲಸ ಹಿಂಗಾರಿ ಫಸಲು ಎದ್ದ ಮೇಲೆ ಬೇಸಿಗೆಯಲ್ಲಿ ಎರಿ ಹೊಲವನ್ನು ಪಲ್ಟಿ ನೇಗಿಲಿನಿಂದ ಆಳವಾಗಿ ಉಳುವುದು. ಕರಿಕೆ, ಜೇಕು ಹೊಕ್ಕ ಹೊಲಕ್ಕೆ ಇದು ಬೇಕೇ ಬೇಕು. ಹೆಂಟೆ ಮಗುಚಿ ಬಿದ್ದು ಬೇರು ಏಪ್ರಿಲ್ ಬಿಸಿಲಿಗೆ ಒಣಗಿದರಷ್ಟೇ ಕರಿಕೆ ಸಾಯುತ್ತದೆ. ರೋಟರ್ ಹೊಡೆದರೆ ತುಂಡು ತುಂಡಾಗಿ ಹೊಲದ ತುಂಬ ಹಂಚಿಹೋಗುತ್ತದೆ, ಮುಂದಿನ ಮಳೆಗೆ ಪ್ರತಿ ತುಂಡೂ ಚಿಗುರುತ್ತದೆ. ಆದ್ದರಿಂದ ನೇಗಿಲು ಬೇಕು, ಎರಡು ಕುಳದ ನೇಗಿಲಿಗೆ 45-50 ಎಚ್.ಪಿ. ಬೇಕು ಎಂಬುದು ನಿಜ.

ಆದರೆ ಈ ಕೆಲಸ ಎಷ್ಟು ಸಲ ಬರುತ್ತದೆ? ಎರಡು-ಮೂರು ವರ್ಷಕ್ಕೊಮ್ಮೆ, ಅದೂ ಎಲ್ಲ ಹೊಲಕ್ಕಲ್ಲ. ಆಗ ಹೊಲ ಖಾಲಿ, ಅವಸರವಿಲ್ಲ, ಬಾಡಿಗೆ ಟ್ರ್ಯಾಕ್ಟರ್ ಇವತ್ತಲ್ಲದಿದ್ದರೆ ಮುಂದಿನ ವಾರ ಸಿಗುತ್ತದೆ. ಮುಂಗಾರಿನಲ್ಲಿ ಮಾತ್ರ ಹಾಗಲ್ಲ. ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು, ಔಷಧ ಸಿಂಪಡಿಸುವುದು ಎಲ್ಲ ಒಂದರ ಬೆನ್ನಿಗೊಂದು ಬರುತ್ತವೆ, ಊರಿನವರಿಗೆಲ್ಲ ಒಂದೇ ದಿನ ಬರುತ್ತವೆ. ಬಾಡಿಗೆಯವನು ಬರುವ ಹೊತ್ತಿಗೆ ಹದ ಆರಿಹೋಗಿರುತ್ತದೆ. ಈ ಕೆಲಸಗಳಲ್ಲಿ ಯಾವುದಕ್ಕೂ 45 ಎಚ್.ಪಿ. ಬೇಕಿಲ್ಲ.

ಹಾಗಾಗಿ ಸ್ವಂತದ್ದು ಅವಸರದ ಕೆಲಸಕ್ಕಿರಲಿ, ಭಾರದ ಕೆಲಸಕ್ಕೆ ಬಾಡಿಗೆಯದು ಬರಲಿ. ಹೋಬಳಿ ಮಟ್ಟದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳು ರಾಜ್ಯದಲ್ಲಿ 2014-15ರಿಂದ ಇವೆ. ಊರಲ್ಲಿ ದೊಡ್ಡ ಟ್ರ್ಯಾಕ್ಟರ್ ತಂದು ಬಾಡಿಗೆಗೆ ಕಾಯುತ್ತಿರುವವರಂತೂ ಬೇಕಾದಷ್ಟು ಜನ. ರಾಶಿ ಮಷಿನ್ನಿನದೂ ಇದೇ ಲೆಕ್ಕ. ವರ್ಷದಲ್ಲಿ ಎರಡು ದಿನದ ರಾಶಿಗೆಂದು ದೊಡ್ಡ ಎಂಜಿನ್ ಕೊಂಡು ಉಳಿದ ದಿನ ಅದನ್ನು ಸಾಕುವುದು ಜಾಣತನವಲ್ಲ.

2. ಎಚ್.ಪಿ.ಗಿಂತ ಮೊದಲು ತೂಕ ಕೇಳಿ

ಮಾರುವವರು ಎಂಜಿನ್ನಿನ ಎಚ್.ಪಿ. ಹೇಳುತ್ತಾರೆ. ಮಣ್ಣು ಎಳೆಯುವುದು ಎಂಜಿನ್ ಒಂದೇ ಅಲ್ಲ, ಗಾಲಿಯ ಹಿಡಿತ. ಆ ಹಿಡಿತ ಬರುವುದು ತೂಕದಿಂದ. ಸುಮಾರಾಗಿ ಹೇಳುವುದಾದರೆ ಟ್ರ್ಯಾಕ್ಟರ್ ಹೊಲದಲ್ಲಿ ತನ್ನ ದುಡಿಯುವ ಗಾಲಿಗಳ ಮೇಲಿರುವ ತೂಕದ ಅರ್ಧದಷ್ಟನ್ನು ನೆಚ್ಚಿಕೆಯಿಂದ ಎಳೆಯಬಲ್ಲದು.

ಇದನ್ನು ಎರಿ ಮಣ್ಣಿಗೆ ಹಾಕಿ ನೋಡಿ. ಹನ್ನೆರಡು ಇಂಚಿನ ಒಂದೇ ಕುಳವನ್ನು ಎಂಟು ಇಂಚು ಆಳಕ್ಕೆ ಇಳಿಸಿದರೆ ಅದು ಕತ್ತರಿಸುವ ಮಣ್ಣಿನ ಮುಖ ಸುಮಾರು 600 ಚದರ ಸೆಂಟಿಮೀಟರ್. ಬಿಗಿ ಎರಿಯಲ್ಲಿ ಚದರ ಸೆಂಟಿಮೀಟರಿಗೆ 0.8 ಕೆ.ಜಿ. ಎಳೆತ ಹಿಡಿದರೂ 480 ಕೆ.ಜಿ. ಆಯಿತು. 15ರಿಂದ 20 ಎಚ್.ಪಿ.ಯ ಮಿನಿ ಟ್ರ್ಯಾಕ್ಟರಿನ ತೂಕವೇ ಸುಮಾರು 650ರಿಂದ 850 ಕೆ.ಜಿ. ಅದು ಒಂದು ಕುಳವನ್ನೂ ನೆಟ್ಟಗೆ ಎಳೆಯಲಾರದು. ಎಂಜಿನ್ ಗುರುಗುಟ್ಟುತ್ತದೆ, ಗಾಲಿ ನಿಂತಲ್ಲೇ ಮಣ್ಣು ತೋಡುತ್ತದೆ. ‘ಎಂಜಿನ್ದಾಗ ದಮ್ಮಿಲ್ಲ’ ಎಂದು ಜನ ಬಯ್ಯುತ್ತಾರೆ. ದಮ್ಮು ಇರುತ್ತದೆ, ಮೈ ಇರುವುದಿಲ್ಲ. 45 ಎಚ್.ಪಿ.ಯದು ಎರಡು ಟನ್ನಿನ ಆಸುಪಾಸು ತೂಗುತ್ತದೆ, ಅದಕ್ಕೇ ಅದು ನೇಗಿಲಿನ ಗಾಡಿ.

ನಿಮ್ಮ ಹೊಲದಲ್ಲೇ ಪರೀಕ್ಷೆ ಮಾಡಬಹುದು. ಹಿಂಗಾಲಿಯ ಮೇಲೆ ಸುಣ್ಣದ ಗುರುತು ಹಾಕಿ. ಸಾಧನವನ್ನು ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗುವಷ್ಟು ದೂರ ಓಡಿಸಿ ಅಳೆಯಿರಿ. ಆಮೇಲೆ ಸಾಧನ ಇಳಿಸಿ ಅಷ್ಟೇ ಸುತ್ತು ಓಡಿಸಿ ಮತ್ತೆ ಅಳೆಯಿರಿ. ಮೊದಲು 30 ಮೀಟರ್ ಬಂದು ಎರಡನೆಯ ಸಲ 25.5 ಬಂದರೆ ಗಾಲಿ ನೂರಕ್ಕೆ 15ರಷ್ಟು ಜಾರಿತು ಎಂದರ್ಥ. ಅಲ್ಲಿಗೆ ಮಿತಿ. ಅದಕ್ಕಿಂತ ಹೆಚ್ಚು ಜಾರಿದರೆ ಡೀಸೆಲ್ಲೂ ಟೈರೂ ಮಣ್ಣಿಗೆ ಹೋಗುತ್ತವೆ. ಹಿಂಗಾಲಿಗೆ ನೀರು ತುಂಬಿಸಿ ತೂಕ ಕೂಡಿಸಬಹುದು. ಆದರೆ ಬೆಳೆಯ ನಡುವೆ ಎಡೆಗೆ ಇಳಿಸುವ ಮೊದಲು ಆ ನೀರು ಇಳಿಸಿ, ಹಸಿ ಎರಿಯ ಮೇಲೆ ಸುಮ್ಮನೆ ಭಾರ ಹೇರಬಾರದು.

ಇನ್ನೊಂದು ಅಂಕಿ ಕೇಳಿ ಬರೆದುಕೊಳ್ಳಬೇಕು: ಪಿ.ಟಿ.ಒ. ಎಚ್.ಪಿ. ರೋಟರ್, ಪಂಪು, ಸಿಂಪಡಣೆ ಯಂತ್ರ ತಿರುಗುವುದು ಈ ಶಕ್ತಿಯಿಂದ. ಇದು ಸಾಮಾನ್ಯವಾಗಿ ಎಂಜಿನ್ ಎಚ್.ಪಿ.ಯ ನೂರಕ್ಕೆ 85ರ ಸುತ್ತ ಇರುತ್ತದೆ. ಎರಿ ಮಣ್ಣಿನಲ್ಲಿ 18-20 ಎಚ್.ಪಿ.ಗೆ ಮೂರು ಅಡಿ, 25-28ಕ್ಕೆ ನಾಲ್ಕು ಅಡಿ, 45-50ಕ್ಕೆ ಆರು ಅಡಿ ರೋಟರ್ ಸಾಕು. ‘ನಾಕ ಫೂಟ್ ಎಳಿತೈತಿ ಅಂದ್ರ ಐದೂ ಎಳಿತೈತಿ’ ಎನ್ನುವವರಿರುತ್ತಾರೆ. ಮಸಾರಿಯಲ್ಲಿ ಎಳೆದೀತು, ಎರಿಯಲ್ಲಿ ಎಳೆಯುವುದಿಲ್ಲ.

3. ಎಕರೆ ಎಣಿಸುವ ಮೊದಲು ಹದದ ದಿನ ಎಣಿಸಿ

ಎರಿಯ ಗುಣ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆಯಾದರೆ ಗಾಲಿಗೆ ಮೆತ್ತಿ ಟ್ರ್ಯಾಕ್ಟರನ್ನೇ ಹಿಡಿದು ಕೂರಿಸುತ್ತದೆ. ಅವೆರಡರ ನಡುವೆ ಹದ ಸಿಗುವುದು ಕೆಲವೇ ದಿನ. ಮೃಗಶಿರ ಮಳೆ ಬಿದ್ದು ಬಿಟ್ಟರೆ ಹೆಸರು, ಸೋಯಾ ಬಿತ್ತಲು ಮೂರು-ನಾಲ್ಕು ದಿನ ಸಿಕ್ಕರೆ ಪುಣ್ಯ. ಹಿಂಗಾರಿಯಲ್ಲಿ ಜೋಳ, ಕಡಲೆಗೂ ಹೀಗೆಯೇ: ನೆಲದ ಹಸಿ ಕೆಳಗಿಳಿಯುವ ಮೊದಲು ಬೀಜ ಬೀಳಬೇಕು.

ಲೆಕ್ಕ ಹೀಗೆ ಮಾಡಿ. ಸಾಧನದ ಅಗಲವನ್ನು ಮೀಟರಿನಲ್ಲಿ, ವೇಗವನ್ನು ತಾಸಿಗೆ ಕಿಲೋಮೀಟರಿನಲ್ಲಿ ಹಿಡಿದು ಗುಣಿಸಿ, ಹತ್ತರಿಂದ ಭಾಗಿಸಿದರೆ ತಾಸಿಗೆ ಎಷ್ಟು ಹೆಕ್ಟೇರ್ ಎಂಬುದು ಬರುತ್ತದೆ. ತಿರುವು, ಬೀಜ ತುಂಬುವುದು, ಚಹಾ ಎಲ್ಲಕ್ಕೂ ಅದರಲ್ಲಿ ನೂರಕ್ಕೆ ಮೂವತ್ತು ಕಳೆಯಿರಿ. ಒಂದು ಅಡಿ ಅಂತರದ ಐದು ತಾಳಿನ ಕೂರಿಗೆಯ ಅಗಲ ಒಂದೂವರೆ ಮೀಟರ್. ತಾಸಿಗೆ ನಾಲ್ಕು ಕಿಲೋಮೀಟರ್ ನಡೆದರೆ 0.42 ಹೆಕ್ಟೇರ್, ಅಂದರೆ ತಾಸಿಗೆ ಒಂದು ಎಕರೆ. ಇದನ್ನು 24-28 ಎಚ್.ಪಿ.ಯದು ಹೊರುತ್ತದೆ. ದೊಡ್ಡದರ ಹಿಂದಿನ ಒಂಬತ್ತು ತಾಳಿನ ಕೂರಿಗೆಗೆ ತಾಸಿಗೆ ಎರಡು ಎಕರೆಯ ಹತ್ತಿರ ಆಗುತ್ತದೆ.

ಹತ್ತು-ಹನ್ನೆರಡು ಎಕರೆಯವರಿಗೆ ಸಣ್ಣದರಲ್ಲಿ ಬಿತ್ತಿಗೆ ಎರಡು ದಿನದ ಕೆಲಸ. ಹದದೊಳಗೆ ಮುಗಿಯಿತು. ಇಪ್ಪತ್ತೈದು ಎಕರೆಯವರಿಗೆ ನಾಲ್ಕು ದಿನ, ಅಷ್ಟರಲ್ಲಿ ಇನ್ನೊಂದು ಮಳೆ ಬಂದರೆ ಅರ್ಧ ಹೊಲ ಉಳಿಯಿತು. ಸಣ್ಣದರ ಮಿತಿ ಇಲ್ಲಿದೆ. ನವಲಗುಂದ, ಅಣ್ಣಿಗೇರಿ ಕಡೆಯ ಉದ್ದುದ್ದ ಕಡಲೆ ಹೊಲಗಳವರು ದೊಡ್ಡದನ್ನೇ ಕೊಳ್ಳುವುದು ಈ ಕಾರಣಕ್ಕೆ, ಅದನ್ನು ಒಣಜಂಬ ಎನ್ನಲಾಗದು.

4. ಗಾಲಿಯ ನಡುವಿನ ಅಂತರ ಬೆಳೆಯ ಸಾಲಿಗೆ ಕೂಡಬೇಕು

ಟ್ರ್ಯಾಕ್ಟರ್ ಕೊಳ್ಳುವಾಗ ಯಾರೂ ಟೇಪು ಒಯ್ಯುವುದಿಲ್ಲ. ನೀವು ಒಯ್ಯಿರಿ. ಸಣ್ಣ ಟ್ರ್ಯಾಕ್ಟರಿನ ನಿಜವಾದ ದುಡಿಮೆ ಬೆಳೆ ನಿಂತ ಹೊಲದಲ್ಲಿ, ಅಲ್ಲಿ ಎಚ್.ಪಿ. ಉಪಯೋಗಕ್ಕೆ ಬರುವುದಿಲ್ಲ, ಇಂಚು ಬರುತ್ತದೆ.

ನಮ್ಮ ಸಾಲುಗಳು ಹೀಗಿವೆ: ಸೋಯಾ, ಶೇಂಗಾ, ಹೆಸರು, ಕಡಲೆಗೆ 30 ಸೆಂಟಿಮೀಟರ್. ಜೋಳಕ್ಕೆ 45. ಗೋವಿನಜೋಳಕ್ಕೆ 60. ಮಳೆಯಾಶ್ರಿತ ಹತ್ತಿಗೆ 90. ಬೆಳೆಯೊಳಗೆ ಹೋಗಲು ಎರಡು ದಾರಿ. ಒಂದು, ಟ್ರ್ಯಾಕ್ಟರ್ ಪೂರ್ತಿಯಾಗಿ ಎರಡು ಸಾಲಿನ ನಡುವೆ ತೂರುವುದು. ಇನ್ನೊಂದು, ಸಾಲುಗಳನ್ನು ಹೊಟ್ಟೆಯಡಿ ಬಿಟ್ಟುಕೊಂಡು ಗಾಲಿಗಳನ್ನು ಆಚೀಚೆಯ ಎಡೆಯಲ್ಲಿ ನಡೆಸುವುದು. ಎರಡನೆಯ ದಾರಿಯಲ್ಲಿ ಎಡ-ಬಲ ಗಾಲಿಗಳ ನಡುಮಧ್ಯದ ಅಂತರ ಸಾಲಿನ ಅಂತರಕ್ಕೆ ಸಮವಿರಬೇಕು, ಇಲ್ಲವೇ ಅದರ ಎರಡು ಪಟ್ಟು, ಮೂರು ಪಟ್ಟು ಇರಬೇಕು. 90 ಸೆಂಟಿಮೀಟರ್ ಅಂತರಕ್ಕೆ ಹೊಂದಿಸಿದ ಟ್ರ್ಯಾಕ್ಟರ್ ಹತ್ತಿಯ ಒಂದು ಸಾಲನ್ನು ದಾಟುತ್ತದೆ, ಅದೇ ಸೋಯಾದ ಮೂರು ಸಾಲನ್ನೂ ದಾಟುತ್ತದೆ. ಒಂದೇ ಹೊಂದಾಣಿಕೆಯಲ್ಲಿ ಎರಡು ಬೆಳೆ. ಕೊಳ್ಳುವ ಮಾಡೆಲ್ಲಿನ ಹಿಂಗಾಲಿಯನ್ನು ಎಷ್ಟರಿಂದ ಎಷ್ಟಕ್ಕೆ ಸರಿಸಬಹುದು, ಮುಂಗಾಲಿ ಅದಕ್ಕೆ ಕೂಡುತ್ತದೆಯೇ ಎಂದು ಕೇಳಿ. ಹಿಂದಿನದು ಸರಿಯಿದ್ದು ಮುಂದಿನದು ಬೇರೆ ಜಾಡಿನಲ್ಲಿ ನಡೆದರೆ ಬೆಳೆ ತುಳಿದಂತೆಯೇ.

ಟೈರಿನ ಅಗಲವನ್ನೂ ನೋಡಿ. ಮಿನಿ ಟ್ರ್ಯಾಕ್ಟರಿನ 8.3 ಇಂಚಿನ ಹಿಂಟೈರು ಸುಮಾರು 21 ಸೆಂಟಿಮೀಟರ್, ಒಂದು ಅಡಿ ಎಡೆಯಲ್ಲಿ ಹುಷಾರಾಗಿ ಓಡಿಸಿದರೆ ಹಿಡಿಸುತ್ತದೆ. ದೊಡ್ಡದರ 13.6 ಇಂಚಿನ ಟೈರು ಸುಮಾರು 35 ಸೆಂಟಿಮೀಟರ್. ಅದು ಸೋಯಾದ ಎಡೆಗೆ ಇಳಿಯುವ ಮಾತೇ ಇಲ್ಲ. ಹೊಟ್ಟೆಯಡಿಯ ಎತ್ತರವನ್ನೂ ಅಳೆಯಿರಿ. ಹತ್ತಿ ಮೊಣಕಾಲು ದಾಟಿದ ಮೇಲೆ ಯಾವ ಮಿನಿಯೂ ಅದನ್ನು ಮುರಿಯದೆ ದಾಟಲಾರದು, ಅಲ್ಲಿಂದ ಮುಂದೆ ಎತ್ತೇ ಗತಿ.

ತೀರ ಕಿರಿದಾದವೂ ಇವೆ. 11 ಎಚ್.ಪಿ.ಯ ಸ್ವರಾಜ್ ಕೋಡ್‌ನ ಅಗಲ ಮೂರು ಅಡಿಯೊಳಗೆ. ತರಕಾರಿ, ಹಣ್ಣಿನ ಸಾಲಿಗೆಂದು ಮಾಡಿದ್ದು ಅದು. ಅಂದಹಾಗೆ, ಮಿನಿ ಟ್ರ್ಯಾಕ್ಟರಿನ ಜಾಹೀರಾತು ಚಿತ್ರಗಳಲ್ಲಿ ಕಾಣುವುದು ಬಹುಪಾಲು ದ್ರಾಕ್ಷಿ ತೋಟ. ವಿಜಯಪುರದ ದ್ರಾಕ್ಷಿಯವರಿಗೆ, ನಾಸಿಕದವರಿಗೆ ಅವು ಚೆನ್ನಾಗಿ ಒಗ್ಗಿವೆ. ಆ ಚಿತ್ರ ನೋಡಿ ಎರಿ ಹೊಲಕ್ಕೆ ತರಬೇಡಿ.

ಬ್ಯಾಡಗಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿಯನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆಯುವ ನಮ್ಮ ಹಳೆಯ ಪದ್ಧತಿಗೆ ಮಾತ್ರ ಯಾವ ಟ್ರ್ಯಾಕ್ಟರೂ ಹೊಂದುವುದಿಲ್ಲ. ಟ್ರ್ಯಾಕ್ಟರಿಗಾಗಿ ಆ ಪದ್ಧತಿ ಬಿಡಿ ಎಂದು ನಾನು ಹೇಳಲಾರೆ. ಮಳೆ ಕೈಕೊಟ್ಟ ವರ್ಷ ಮೂರರಲ್ಲಿ ಒಂದಾದರೂ ಕೈಹಿಡಿಯುತ್ತದೆ. ಒಂದು ಜೋಡಿ ಎತ್ತಿದ್ದವರು ಅವನ್ನು ಮಾರಿಯೇ ಟ್ರ್ಯಾಕ್ಟರಿನ ಮುಂಗಡ ಕಟ್ಟುವ ಯೋಚನೆ ಮಾಡಬಾರದು. ಒಂದು ಜೋಡಿಯ ಶಕ್ತಿ ಹೆಚ್ಚೆಂದರೆ ಒಂದು ಎಚ್.ಪಿ. ಇದ್ದೀತು, ಆದರೆ ಆ ಒಂದು ಎಚ್.ಪಿ. ಹೋಗುವ ಜಾಗಕ್ಕೆ ಇಪ್ಪತ್ತನಾಲ್ಕು ಹೋಗುವುದಿಲ್ಲ.

5. ವಾಟ್ನಿಯ ನಂತರದ ಹೊಲ ನೋಡಿ ಕೊಳ್ಳಿ

2015-16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಮೂರೂವರೆ ಎಕರೆಯೂ ಇಲ್ಲ. ಅಣ್ಣತಮ್ಮಂದಿರ ವಾಟ್ನಿಯಾದಾಗ ಹೊಲವನ್ನು ಉದ್ದುದ್ದ ಸೀಳುವುದು ನಮ್ಮ ಕಡೆಯ ರೂಢಿ. ಪಟ್ಟಿ ಉದ್ದವಿದ್ದರೆ ಟ್ರ್ಯಾಕ್ಟರಿಗೆ ಒಳ್ಳೆಯದೇ, ತಿರುವು ಕಡಿಮೆ. ತೊಂದರೆ ಬರುವುದು ಬದುವಿನ ತುದಿಯಲ್ಲಿ. ದೊಡ್ಡ ಟ್ರ್ಯಾಕ್ಟರ್ ಸಾಧನದೊಂದಿಗೆ ತಿರುಗಲು ತಮ್ಮನ ಹೊಲ ತುಳಿಯಬೇಕಾಗುತ್ತದೆ. ಮೊದಲ ವರ್ಷ ಯಾರೂ ಏನೂ ಅನ್ನುವುದಿಲ್ಲ.

ಇಂದು ಕೂಡಿರುವ ಮನೆ ನಾಳೆ ಬೇರೆಯಾದೀತೇ ಎಂಬುದನ್ನು ಮನಸ್ಸಿಟ್ಟು ಯೋಚಿಸಿ. ಹದಿನೈದು ಎಕರೆಗೆಂದು ಕೊಂಡ ಟ್ರ್ಯಾಕ್ಟರ್ ಐದೈದು ಎಕರೆಯ ಮೂವರ ನಡುವೆ ಜಗಳದ ಮೂಲವಾದದ್ದು ಬೇಕಾದಷ್ಟಿದೆ. ಕೂಡಿ ಕೊಳ್ಳುವುದಾದರೆ ಡೀಸೆಲ್ ಯಾರದು, ಟೈರು ಯಾರದು, ಮಳೆಯಾದ ಮೊದಲ ದಿನ ಯಾರ ಹೊಲ ಎಂಬುದನ್ನು ಕಾಗದದ ಮೇಲೆ ಬರೆದಿಡಿ.

ಹೊಲಕ್ಕೆ ಹೋಗುವ ದಾರಿಯನ್ನೂ ಒಮ್ಮೆ ಅಳೆಯಿರಿ. ಚಕ್ಕಡಿ ದಾರಿಗಳು ಒತ್ತುವರಿಯಾಗಿ ಸಣ್ಣಾಗಿವೆ. ಹಳ್ಳದ ಬದಿಯ ಹೊಲವಾದರೆ ಮಳೆಗಾಲದಲ್ಲಿ ಎಲ್ಲಿ ದಾಟುವುದು ಎಂದೂ ನೋಡಿ. ಬೆಣ್ಣೆಹಳ್ಳ ಉಕ್ಕಿದಾಗ ಆಚೆ ಸಿಕ್ಕಿಕೊಂಡ ಟ್ರ್ಯಾಕ್ಟರ್ ಎಷ್ಟು ಎಚ್.ಪಿ.ಯದಾದರೂ ಒಂದೇ.

6. ಎರಿಗಾದರೆ ನಾಲ್ಕು ಗಾಲಿಯ ದುಡಿಮೆ

ಸಣ್ಣ ಟ್ರ್ಯಾಕ್ಟರಿನಲ್ಲಿ ಇದಕ್ಕೆ ಕೊಡುವ ಹೆಚ್ಚಿನ ಹಣ ಸಾರ್ಥಕ. ಹಗುರಾದದ್ದಕ್ಕೆ ಇರುವ ತೂಕವೆಲ್ಲ ಎಳೆತಕ್ಕೆ ಬರಬೇಕು, ಮುಂಗಾಲಿಗಳೂ ದುಡಿದರೆ ಬರುತ್ತದೆ. ಡಾಂಬರು ರಸ್ತೆಗೆ ಬಂದಾಗ ಮುಂಗಾಲಿಯ ಚಾಲನೆ ಬಿಡಿಸಿ, ಇಲ್ಲದಿದ್ದರೆ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಪೂರಾ ಮಸಾರಿ ಹೊಲದವರಿಗೆ ಎರಡು ಗಾಲಿಯದೇ ಸಾಕು.

7. ಟ್ರೇಲರಿಗೆಂದು ಮಿನಿ ಕೊಳ್ಳಬೇಡಿ

ಗಟ್ಟಿ ರಸ್ತೆಯಲ್ಲಿ ಮಿನಿ ಟ್ರ್ಯಾಕ್ಟರ್ ತನ್ನ ತೂಕದ ಮೂರು ಪಟ್ಟನ್ನೂ ಎಳೆದುಬಿಡುತ್ತದೆ. ಎಳೆಯುವುದು ದೊಡ್ಡದಲ್ಲ, ಇಳಿಜಾರಿನಲ್ಲಿ ನಿಲ್ಲಿಸುವುದು ದೊಡ್ಡದು. ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕಿದಾಗ 800 ಕೆ.ಜಿ.ಯ ಗಾಡಿ ಅಡ್ಡ ತಿರುಗುತ್ತದೆ. ಒಂದೂವರೆ ಟನ್ನಿನೊಳಗೆ ಹೇರಿ. ಹುಬ್ಬಳ್ಳಿ ಮಾರುಕಟ್ಟೆಗೆ ಹತ್ತಿ, ಮೆಣಸಿನಕಾಯಿ ಒಯ್ಯಲು ಬಾಡಿಗೆ ಗಾಡಿಗಳು ಬೇಕಾದಷ್ಟಿವೆ. ಇದರ ಜೊತೆಗೇ ಹೇಳಿಬಿಡುತ್ತೇನೆ: ಪಿ.ಟಿ.ಒ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ತೆಗೆದೊಗೆಯಬೇಡಿ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಧೋತರದ ಚುಂಗು, ಸೀರೆಯ ಸೆರಗು ಸಿಕ್ಕರೆ ಕೂಗುವಷ್ಟೂ ಹೊತ್ತು ಸಿಗುವುದಿಲ್ಲ.

8. ತಾಸಿನ ಲೆಕ್ಕ ಮಾಡಿ, ನಂತರ ಸಾಲ ಮಾಡಿ

ಕೃಷಿ ಎಂಜಿನಿಯರಿಂಗ್ ಪಠ್ಯಗಳು ಟ್ರ್ಯಾಕ್ಟರಿನ ಆಯುಷ್ಯವನ್ನು ಹತ್ತು ವರ್ಷ, ದುಡಿಮೆಯನ್ನು ವರ್ಷಕ್ಕೆ ಸಾವಿರ ತಾಸು ಎಂದು ಹಿಡಿಯುತ್ತವೆ. ಹತ್ತು ಎಕರೆಯ ಮನೆತನದಲ್ಲಿ ಎಷ್ಟಾಗುತ್ತದೆ? ಹರಗುವುದು, ಬಿತ್ತಿಗೆ, ಎಡೆ, ಸಿಂಪಡಣೆ, ಒಂದು ಸಲ ರೋಟರ್ ಎಲ್ಲ ಕೂಡಿಸಿದರೆ ಸಣ್ಣ ಟ್ರ್ಯಾಕ್ಟರಿನಲ್ಲಿ ಎಕರೆಗೆ ಹನ್ನೆರಡು ತಾಸು, ಒಟ್ಟು 120. ಗೊಬ್ಬರ, ಹೊಟ್ಟು, ಕಣಿಕೆ ಸಾಗಿಸಲು ಇನ್ನೂ 80 ಹಿಡಿಯಿರಿ. ಇನ್ನೂರು ತಾಸಾಯಿತು.

ಐದೂವರೆ ಲಕ್ಷದ ಟ್ರ್ಯಾಕ್ಟರ್ ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಸವಕಳಿ, ನೂರಕ್ಕೆ ಹತ್ತರ ಬಡ್ಡಿ, ವಿಮೆ, ನೆರಳು ಎಲ್ಲ ಸೇರಿ ವರ್ಷಕ್ಕೆ 90,000 ರೂಪಾಯಿಯ ಹತ್ತಿರ. ಇನ್ನೂರು ತಾಸಿಗೆ ಹಂಚಿದರೆ, ಡೀಸೆಲ್ ಹಾಕುವ ಮೊದಲೇ ತಾಸಿಗೆ 450. ಎಂಟು ಲಕ್ಷದ ದೊಡ್ಡದಾದರೆ ಅದೇ ಹತ್ತು ಎಕರೆಯ ಕೆಲಸ 130 ತಾಸಿನಲ್ಲಿ ಮುಗಿಯುತ್ತದೆ, ವರ್ಷದ ಸ್ಥಿರ ಖರ್ಚು ಒಂದೂಕಾಲು ಲಕ್ಷ ದಾಟುತ್ತದೆ. ತಾಸಿಗೆ ಸಾವಿರದ ಆಸುಪಾಸು. ಊರಿನ ಬಾಡಿಗೆ ದರವನ್ನು ಇದರ ಪಕ್ಕ ಇಟ್ಟು ನೋಡಿ.

‘ಬಾಡಿಗಿ ಹೊಡದು ಸಾಲ ತೀರಿಸ್ತೀನಿ’ ಎಂಬ ಮಾತನ್ನು ಬ್ಯಾಂಕಿನವರ ಮುಂದೆ ಹೇಳಿ, ನಿಮಗೆ ನೀವೇ ಹೇಳಿಕೊಳ್ಳಬೇಡಿ. ಪ್ರತಿ ಓಣಿಯಲ್ಲೂ ದೊಡ್ಡ ಟ್ರ್ಯಾಕ್ಟರ್ ನಿಂತಿರುವಾಗ ನೇಗಿಲಿನ ಬಾಡಿಗೆ ಎಲ್ಲರಿಗೂ ಹಂಚಿ ತೆಳ್ಳಗಾಗಿದೆ. ಸಣ್ಣದಕ್ಕೆ ಎಡೆ ಮತ್ತು ಸಿಂಪಡಣೆಯ ಬಾಡಿಗೆ ಸಿಗುತ್ತದೆ. ಅದು ನಿಮ್ಮ ಹೊಲಕ್ಕೂ ಅವಸರವಿರುವ ದಿನವೇ ಸಿಗುತ್ತದೆ ಎಂಬುದು ಬೇರೆ ಮಾತು.

ಒಂದು ಅನುಕೂಲವಾಗಿದೆ: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಟ್ರ್ಯಾಕ್ಟರ್ ಟೈರಿನದು 18ರಿಂದ 5ಕ್ಕೆ. ಐದು ಲಕ್ಷ ಮೂಲಬೆಲೆಗೆ 35,000 ರೂಪಾಯಿ ಉಳಿಯುತ್ತದೆ. ಅದನ್ನು ಇನ್ನೊಂದು ಮಾಡೆಲ್ ಮೇಲೇರಲು ಬಳಸದೆ ಕೂರಿಗೆ, ಎಡೆಕುಂಟೆ ಕೊಳ್ಳಲು ಬಳಸಿ. ಸಾಧನವಿಲ್ಲದ ಟ್ರ್ಯಾಕ್ಟರ್ ಅಂಗಳದ ಶೋಭೆ ಮಾತ್ರ. ಸಣ್ಣ ಟ್ರ್ಯಾಕ್ಟರಿಗೆ ಸಹಾಯಧನದ ಅರ್ಜಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಕೊಂಡ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

9. ಕಾಗದವನ್ನೂ ಓದಿ, ಹೊಲದಲ್ಲೂ ನೋಡಿ

ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿ.ಟಿ.ಒ. ಶಕ್ತಿ, ಎಳೆತ, ತೂಕ, ಡೀಸೆಲ್ ಖರ್ಚು ಎಲ್ಲ ಅದರಲ್ಲಿರುತ್ತದೆ. ಡೀಲರಿನ ಹತ್ತಿರ ಕೇಳಿ ಪಡೆಯಿರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಹಲವು ಕಂಪನಿಯವನ್ನು ಒಂದೇ ಕಡೆ ನೋಡಬಹುದು. ಆದರೆ ಮೇಳದಲ್ಲಿ ಮುಂಗಡ ಕೊಡಬೇಡಿ. ಯಾವ ಕಂಪನಿಯದು ಎಂಬುದಕ್ಕಿಂತ ಕುಂದಗೋಳ, ಲಕ್ಷ್ಮೇಶ್ವರ, ಹುಬ್ಬಳ್ಳಿ ಈ ಮೂರರಲ್ಲಿ ಎಲ್ಲಿ ಅದರ ಬಿಡಿಭಾಗ ಅದೇ ದಿನ ಸಿಗುತ್ತದೆ ಎಂಬುದು ದೊಡ್ಡದು.

ಇಷ್ಟೆಲ್ಲ ಹೇಳಿದ ಮೇಲೂ ‘ಒಂದ ಮಾತಿನ್ಯಾಗ ಹೇಳ್ರಿ’ ಎನ್ನುವವರಿಗೆ: ಎರಿ-ಮಸಾರಿ ಕೂಡಿದ ಎಂಟರಿಂದ ಹದಿನೈದು ಎಕರೆಗೆ ನಾಲ್ಕು ಗಾಲಿ ದುಡಿಯುವ 24ರಿಂದ 28 ಎಚ್.ಪಿ. ಐದು ಎಕರೆಯೊಳಗಿನವರು ಏನನ್ನೂ ಕೊಳ್ಳಬೇಡಿ, ಎತ್ತು ಮತ್ತು ಬಾಡಿಗೆ ಸಾಕು. ಇಪ್ಪತ್ತೈದು ದಾಟಿದವರು 45ರದು ತನ್ನಿ. ನಡುವಿನವರು ಯಾವ ಬೆಳೆ ಹೆಚ್ಚು ಎಂಬುದನ್ನು ನೋಡಿ ನಿರ್ಧರಿಸಿ. 15 ಎಚ್.ಪಿ.ಯದನ್ನು ಎರಿಗೆ ತರಲೇಬೇಡಿ.

ಮುಂಗಡ ಕೊಡುವ ಮೊದಲು ಮಾರುವವರನ್ನು ನಿಮ್ಮ ಹೊಲಕ್ಕೇ ಕರೆಸಿ. ಒಣ ನೆಲದಲ್ಲಿ ತೋರಿಸಿದರೆ ಸಾಲದು, ಮಳೆಯಾದ ಮೂರನೆಯ ದಿನ, ನಿಮ್ಮದೇ ಕೂರಿಗೆ ಕಟ್ಟಿ ಓಡಿಸಿ ತೋರಿಸಲಿ. ಬರಲು ಒಪ್ಪದವರ ಹತ್ತಿರ ಕೊಳ್ಳಬೇಡಿ.